ತೊಳೆದ ಮೇಲೂ ಉಳಿದದ್ದು

ಆಷಾಢದ ಮಳೆ ಬಿಟ್ಟು ಬಿಟ್ಟು ಸುರಿಯುತ್ತಿದೆ. ಮಲೆನಾಡಿನ ಒಂದು ಜಿಲ್ಲಾ ಆಸ್ಪತ್ರೆಯ ಪ್ರಯೋಗಾಲಯದ ಕಿಟಕಿಯ ಮುಂದೆ ಬೆಳಿಗ್ಗೆಯೇ ಸಾಲು ಬೆಳೆದಿದೆ. ಮಡಿಸಿದ ಕೊಡೆಗಳಿಂದ ಇಳಿದ ನೀರು ಮೊಸಾಯಿಕ್ ನೆಲದ ಮೇಲೆ ಹರಿದು, ಯಾರೋ ಹಾಸಿದ ಗೋಣಿಚೀಲವನ್ನು ತೋಯಿಸಿದೆ. ಕಂಬಳಿ ಹೊದ್ದು ಗೋಡೆಗೆ ಒರಗಿದ ಅಜ್ಜ, ಮಗುವನ್ನು ಹೆಗಲಿಗೆ ಹಾಕಿಕೊಂಡ ತಾಯಿ, ಕಣ್ಣು ಕೆಂಪಾಗಿ ಬೆಂಚಿನ ಮೇಲೆ ಮುದುಡಿ ಕೂತ ಕಾಲೇಜು ಹುಡುಗ. ಎಲ್ಲರ ಕೈಯಲ್ಲೂ ಹೊರರೋಗಿ ವಿಭಾಗದ ಚೀಟಿ. ಎಲ್ಲ ಚೀಟಿಯಲ್ಲೂ ಡೆಂಗಿ ಎಂಬ ಅನುಮಾನ.

"ಜ್ವರ ಬಂದು ಎಷ್ಟು ದಿನ ಆಯ್ತಮ್ಮ?" ಕಿಟಕಿಯೊಳಗಿಂದ ತಂತ್ರಜ್ಞೆ ಕೇಳುತ್ತಾರೆ.

"ಸೋಮವಾರದಿಂದ ಮೇಡಂ. ಇವತ್ತಿಗೆ ಆರು ದಿನ."

"ಸರಿ. ಕೂತ್ಕೊಳ್ಳಿ, ರಕ್ತ ತಗೋತಾರೆ. ರಿಪೋರ್ಟಿಗೆ ನಾಲ್ಕು ಗಂಟೆ ಮೇಲೆ ಬನ್ನಿ."

ದಿನದ ಲೆಕ್ಕ ಕೇಳಿದ್ದು ಸುಮ್ಮನೆ ಅಲ್ಲ. ಜ್ವರದ ಮೊದಲ ಐದು ದಿನ ವೈರಾಣು ರಕ್ತದಲ್ಲೇ ಓಡಾಡಿಕೊಂಡಿರುತ್ತದೆ. ಆಗ ಅದರದೇ ಪ್ರೋಟೀನಾದ ಎನ್‌ಎಸ್1 ಅನ್ನು ಹುಡುಕುತ್ತಾರೆ. ಆಮೇಲೆ ವೈರಾಣು ಮರೆಯಾಗುತ್ತ ಬರುತ್ತದೆ, ಮೈ ತಾನೇ ಹೊರಡಿಸಿದ ಪ್ರತಿಕಾಯಗಳು ರಕ್ತದಲ್ಲಿ ತುಂಬುತ್ತವೆ. ಮೊದಲು ಬರುವುದು ಐಜಿಎಂ, ಹಿಂದೆಯೇ ಐಜಿಜಿ. ಇವೇ ಇಮ್ಯುನೊಗ್ಲಾಬ್ಯುಲಿನ್‌ಗಳು. ಆರನೆಯ ದಿನ ಬಂದ ಈ ತಾಯಿಯ ರಕ್ತದಲ್ಲಿ ಇನ್ನು ಹುಡುಕಬೇಕಾದದ್ದು ಬಂದುಹೋದ ಶತ್ರುವಿನ ಗುರುತು ಹಿಡಿದ ಅವಳದೇ ಪ್ರತಿಕಾಯವನ್ನು.

ಹುಡುಕುವುದು ಹೇಗೆ? ಅದು ಕಣ್ಣಿಗೆ ಕಾಣುವ ವಸ್ತುವಲ್ಲ. ಸಾಮಾನ್ಯ ಸೂಕ್ಷ್ಮದರ್ಶಕದ ಕೆಳಗಿಟ್ಟರೂ ಕಾಣದು. ಒಂದು ಐಜಿಜಿ ಅಣುವಿನ ಉದ್ದಗಲ ಹತ್ತು ಹದಿನೈದು ನ್ಯಾನೊಮೀಟರ್. ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು ಒಂದು ನ್ಯಾನೊಮೀಟರ್. ಅದರ ಸುತ್ತ ರಕ್ತದ ಸಾವಿರ ಬಗೆಯ ಪ್ರೋಟೀನುಗಳು ಕಿಕ್ಕಿರಿದಿವೆ. ಆ ಜಂಗುಳಿಯಿಂದ ಒಂದೇ ಒಂದು ಬಗೆಯದನ್ನು ಹೊರಗೆಳೆದು, ಬಣ್ಣ ಹಚ್ಚಿ, ಎದುರಿಗೆ ನಿಲ್ಲಿಸುವ ಕೆಲಸ ಈ ಪುಟ್ಟ ಕೋಣೆಯಲ್ಲಿ ನಡೆಯಬೇಕು.

ಸೆಂಟ್ರಿಫ್ಯೂಜ್ ಗುಂಯ್‌ಗುಟ್ಟಿ ನಿಂತಿದೆ. ಹೆಪ್ಪುಗಟ್ಟಿದ ಕೆಂಪು ತಳಕ್ಕೆ ಇಳಿದು, ಮೇಲೆ ಹೊನ್ನಿನ ಬಣ್ಣದ ಸೀರಮ್ ತಿಳಿಯಾಗಿ ನಿಂತಿದೆ. ತಂತ್ರಜ್ಞೆ ಕೈಗವಸು ಬದಲಿಸಿ, ಫ್ರಿಜ್‌ನಿಂದ ಕಿಟ್ ತೆಗೆದು ಮೇಜಿನ ಮೇಲಿಡುತ್ತಾರೆ. ಎರಡರಿಂದ ಎಂಟು ಡಿಗ್ರಿಯ ತಂಪಿನಲ್ಲೇ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಿಂದ ಇಲ್ಲಿಯವರೆಗೆ ಬಂದ ಪೆಟ್ಟಿಗೆ ಅದು. ಆ ಸಂಸ್ಥೆಗೂ ಮಲೆನಾಡಿಗೂ ನಂಟು ಹಳೆಯದು. 1952ರಲ್ಲಿ ವೈರಸ್ ಸಂಶೋಧನಾ ಕೇಂದ್ರ ಎಂಬ ಹೆಸರಿನಲ್ಲಿ ಆರಂಭವಾದ ಅದು, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದಾಗ ಮಂಗನಕಾಯಿಲೆಯ ವೈರಾಣುವನ್ನು ಪತ್ತೆಮಾಡಿತ್ತು. ಡೆಂಗಿಯ ವೈರಾಣುವೂ ಮಂಗನಕಾಯಿಲೆಯ ವೈರಾಣುವೂ ಫ್ಲೇವಿವೈರಸ್ ಎಂಬ ಒಂದೇ ಕುಲಕ್ಕೆ ಸೇರಿದವು.

ಪೆಟ್ಟಿಗೆಯೊಳಗೆ ಬೆಳ್ಳಿ ಬಣ್ಣದ ಪೊಟ್ಟಣ, ಪೊಟ್ಟಣದೊಳಗೆ ಪ್ಲೇಟು. ಅಂಗೈಗಿಂತ ತುಸು ದೊಡ್ಡದಾದ, ಪಾರದರ್ಶಕ ಪ್ಲಾಸ್ಟಿಕ್ಕಿನ ಹಲಗೆ. ಉದ್ದಕ್ಕೆ 12, ಅಡ್ಡಕ್ಕೆ 8, ಒಟ್ಟು 96 ಗುಳಿಗಳು. ಹಂಗೇರಿಯ ವೈದ್ಯ ಗ್ಯೂಲಾ ಟಕಾಚಿ 1951ರಲ್ಲಿ ಇನ್‌ಫ್ಲುಯೆಂಜಾ ಪರೀಕ್ಷೆಗೆಂದು ಹಲಗೆಯಲ್ಲಿ ಗುಳಿ ಕೊರೆದದ್ದು ಇದರ ಮೂಲ. ಈಗ ಜಗತ್ತಿನ ಯಾವ ಪ್ರಯೋಗಾಲಯಕ್ಕೆ ಹೋದರೂ ಇದೇ ಅಳತೆ, ಇದೇ ಸಾಲು. ಮೊದಲ ಕೆಲವು ಗುಳಿಗಳು ಕಂಟ್ರೋಲ್‌ಗಳಿಗೆ ಮೀಸಲು: ಇದೆ ಎಂದು ಖಚಿತವಾಗಿ ಗೊತ್ತಿರುವ ಸೀರಮ್ ಒಂದು ಕಡೆ, ಇಲ್ಲ ಎಂದು ಗೊತ್ತಿರುವುದು ಇನ್ನೊಂದು ಕಡೆ. ಅವೆರಡೂ ಸತ್ಯ ಹೇಳಿದರೆ ಮಾತ್ರ ಉಳಿದ ಗುಳಿಗಳ ಮಾತನ್ನು ನಂಬಬಹುದು.

ಬರಿಗಣ್ಣಿಗೆ ಗುಳಿಗಳು ಖಾಲಿ. ತಳದಲ್ಲಿ ಮಾತ್ರ ಮನುಷ್ಯರ ಐಜಿಎಂ ಅನ್ನು ಹಿಡಿಯುವ ಪ್ರತಿಕಾಯಗಳು ಪದರವಾಗಿ ಅಂಟಿವೆ. ಪ್ರತಿಕಾಯವನ್ನು ಹಿಡಿಯಲು ಇನ್ನೊಂದು ಪ್ರತಿಕಾಯ! ನಮ್ಮ ಇಮ್ಯುನೊಗ್ಲಾಬ್ಯುಲಿನ್ ನಮ್ಮ ಮೈಯಲ್ಲಿ ಕಾವಲುಗಾರ. ಇಲಿಯಂಥ ಬೇರೆ ಪ್ರಾಣಿಗೆ ಚುಚ್ಚಿದರೆ ಅದೇ ಪರಕೀಯ, ಆ ಪ್ರಾಣಿಯ ಮೈ ಅದರ ಮೇಲೆ ತನ್ನ ಪ್ರತಿಕಾಯಗಳನ್ನು ಹೊರಡಿಸುತ್ತದೆ. ಇಮ್ಯುನೊಅಸ್ಸೇ ಎಂಬ ಪರೀಕ್ಷಾ ವಿದ್ಯೆಯೆಲ್ಲ ನಿಂತಿರುವುದು ಈ ಗುಣದ ಮೇಲೆ.

ನೂರು ಪಾಲಿಗೆ ಒಂದು ಪಾಲಿನಂತೆ ತೆಳುಮಾಡಿದ ಸೀರಮ್ಮನ್ನು ಪಿಪೆಟ್ಟಿನಲ್ಲಿ ಎಳೆದು, ಗುಳಿಗೆ 50 ಮೈಕ್ರೋಲೀಟರಿನಂತೆ ಇಳಿಸುತ್ತಾರೆ. ಸುಮಾರು ಒಂದು ಹನಿ. ಪ್ರತಿ ರೋಗಿಗೂ ಹೊಸ ಟಿಪ್. ಒತ್ತಿದಾಗ ಟಕ್, ಹಳೆಯ ಟಿಪ್ ಡಬ್ಬಿಗೆ ಉದುರಿದಾಗ ಇನ್ನೊಂದು ಟಕ್. ನಡುವೆ ಯಾರೂ ಮಾತನಾಡಿಸುವುದಿಲ್ಲ. ಸಾಲು ತಪ್ಪಿದರೆ ಒಬ್ಬರ ಕಾಯಿಲೆ ಇನ್ನೊಬ್ಬರ ಹೆಸರಿಗೆ ಹೋಗುತ್ತದೆ. ಪಕ್ಕದ ಹಾಳೆಯಲ್ಲಿ ಗುಳಿಗೊಂದು ಮನೆ ಬರೆದು, ಮನೆಗೊಂದು ಸಂಖ್ಯೆ ತುಂಬಿಕೊಂಡಿದ್ದಾರೆ. ಹನಿ ಬಿದ್ದಂತೆಲ್ಲ ಒಂದೊಂದು ಗೆರೆ ಎಳೆಯುತ್ತಾರೆ. ಆಮೇಲೆ ಪ್ಲೇಟು 37 ಡಿಗ್ರಿಯ ಇನ್‌ಕ್ಯುಬೇಟರಿಗೆ, ಅಂದರೆ ಮೈಯ ಬಿಸಿಗೆ, ಒಂದು ತಾಸು.

ಆ ತಾಸು ಮುಗಿದ ಮೇಲೆ ಬರುವುದು ಈ ಪರೀಕ್ಷೆಯ ಹೃದಯದಂಥ ಕೆಲಸ: ತೊಳೆಯುವುದು. ಗುಳಿಗಳಿಗೆ ಬಫರ್ ತುಂಬಿ, ಸಿಂಕಿನ ಮೇಲೆ ಒಮ್ಮೆಗೇ ಕೊಡವಿ, ಹೀರುಕಾಗದದ ಮೇಲೆ ಬೋರಲು ಹಾಕಿ ಬಡಿಯುತ್ತಾರೆ. ತಟ್, ತಟ್, ತಟ್. ಮತ್ತೆ ತುಂಬುವುದು, ಮತ್ತೆ ಕೊಡವುವುದು. ಐದು ಸಲ. ತೊಳೆಯುವ ಯಂತ್ರವಿರುವ ಕಡೆ ಯಂತ್ರ ಮಾಡುತ್ತದೆ, ಇಲ್ಲದ ಕಡೆ ಈ ಕೈಗಳು. ತಳದ ಪದರ ಬಿಗಿಯಾಗಿ ಹಿಡಿದುಕೊಂಡ ಐಜಿಎಂ ಉಳಿಯುತ್ತದೆ, ಮಿಕ್ಕ ರಕ್ತವೆಲ್ಲ ಸಿಂಕಿಗೆ. ಕಡಿಮೆ ತೊಳೆದರೆ ಸೇರಬಾರದ್ದು ಉಳಿದು ಇಲ್ಲದ ಕಾಯಿಲೆ ಇದ್ದಂತೆ ಕಂಡೀತು. ಕಂಡದ್ದನ್ನು ನಂಬಬೇಕಾದರೆ, ಹೋಗಬೇಕಾದದ್ದೆಲ್ಲ ಹೋಗಿದೆ ಎಂಬ ಭರವಸೆ ಮೊದಲು ಬೇಕು.

ಈಗ ಉಳಿದ ಐಜಿಎಂ ಕೂಡ ಎಲ್ಲ ಬಗೆಯದು. ಹೋದ ವಾರದ ನೆಗಡಿಯದೂ ಇರಬಹುದು, ಇನ್ನಾವುದೋ ಸೋಂಕಿನದೂ ಇರಬಹುದು. ಐದು ಘಟಕಗಳು ಸೇರಿ ಆದ ಈ ಅಣುವಿಗೆ ಹಿಡಿಯುವ ತಾಣಗಳು ಹತ್ತು. ಅವು ಏನನ್ನು ಹಿಡಿಯುತ್ತವೆ ಎಂದು ನೋಡಲು ಗುಳಿಗೆ ಡೆಂಗಿಯ ಪ್ರತಿಜನಕವನ್ನು, ಅಂದರೆ ಪ್ರತಿಕಾಯ ಗುರುತು ಹಿಡಿಯುವ ವೈರಾಣುವಿನ ಭಾಗವನ್ನು, ಹಾಕುತ್ತಾರೆ. ಡೆಂಗಿಯನ್ನು ಕಂಡು ಹುಟ್ಟಿದ ಐಜಿಎಂ ಇದ್ದರೆ ಅದು ಪ್ರತಿಜನಕವನ್ನು ಅಪ್ಪಿಕೊಳ್ಳುತ್ತದೆ. ಮತ್ತೆ ಒಂದು ತಾಸಿನ ಬಿಸಿ, ಮತ್ತೆ ಐದು ತೊಳೆತ.

ಹೊರಗೆ ಮಳೆ ಜೋರಾಗಿದೆ. ತಂತ್ರಜ್ಞೆ ಪೆಟ್ಟಿಗೆಯಿಂದ ಮತ್ತೊಂದು ಶೀಶೆ ತೆಗೆಯುತ್ತಾರೆ. ಹೆಬ್ಬೆರಳಿಗಿಂತ ಚಿಕ್ಕದು, ಒಳಗಿನ ದ್ರವದಲ್ಲಿ ನೋಡಲು ವಿಶೇಷವೇನೂ ಇಲ್ಲ. ಬಯೋಟಿನ್ ತೊಡಿಸಿದ ಮಾನೊಕ್ಲೋನಲ್ ಪ್ರತಿಕಾಯ ಇದು. ಗುಳಿಯಲ್ಲಿ ಪ್ರತಿಜನಕ ನಿಂತಿದ್ದರೆ ಅದರ ಮೇಲೆ ಹೋಗಿ ಕೂರುವುದು, ಕೂತಲ್ಲಿ ಗುರುತಿನ ಬಾವುಟ ಹಾರಿಸುವುದು ಇದರ ಕೆಲಸ. ಈ ಒಂದು ಶೀಶೆಯ ಹಿಂದೆ ಜೀವಲೋಕದ ಎಷ್ಟೊಂದು ಮೂಲೆಗಳು ಸೇರಿವೆ ಎಂದು ನೆನೆದರೆ ಕೈ ಜೋಡಿಸಬೇಕೆನಿಸುತ್ತದೆ.

ಪ್ರಾಣಿಯ ರಕ್ತದಿಂದ ಪ್ರತಿಕಾಯ ತೆಗೆಯುವುದು ಹಳೆಯ ಕ್ರಮ. ಅದರಲ್ಲಿ ನೂರೆಂಟು ಬಗೆ ಬೆರೆತಿರುತ್ತವೆ, ಒಂದು ಪ್ರಾಣಿಯದು ಇನ್ನೊಂದರಂತೆ ಇರುವುದಿಲ್ಲ, ಆ ಪ್ರಾಣಿ ಸತ್ತರೆ ಅದೇ ಪ್ರತಿಕಾಯ ಮತ್ತೆ ಸಿಗದು. ಒಂದೇ ಬಗೆಯದು, ಎಂದಿಗೂ ಮುಗಿಯದಂತೆ ಬೇಕು ಎಂಬ ಆಸೆಯನ್ನು ನಿಜ ಮಾಡಿದವರು ಅರ್ಜೆಂಟೀನಾದಲ್ಲಿ ಹುಟ್ಟಿದ ಸೀಸರ್ ಮಿಲ್‌ಸ್ಟೈನ್ ಮತ್ತು ಜರ್ಮನಿಯ ಜಾರ್ಜಸ್ ಕೋಹ್ಲರ್. ಕೇಂಬ್ರಿಜ್‌ನ ಅಣುಜೀವವಿಜ್ಞಾನ ಪ್ರಯೋಗಾಲಯದಲ್ಲಿ ಅವರು ಇಲಿಯ ಗುಲ್ಮದಿಂದ ಪ್ರತಿಕಾಯ ತಯಾರಿಸುವ ಕೋಶವನ್ನು ತೆಗೆದು, ಮೈಲೋಮಾ ಎಂಬ ಕ್ಯಾನ್ಸರಿನ ಕೋಶದೊಂದಿಗೆ ಬೆಸೆದರು. ಮೊದಲನೆಯದಕ್ಕೆ ಪ್ರತಿಕಾಯ ಮಾಡುವ ವಿದ್ಯೆ ಗೊತ್ತು, ಆದರೆ ಗಾಜಿನ ಪಾತ್ರೆಯಲ್ಲಿ ಬೇಗ ಸಾಯುತ್ತದೆ, ಎರಡನೆಯದಕ್ಕೆ ಸಾವಿಲ್ಲ. ಕೂಡಿ ಹುಟ್ಟಿದ ಹೈಬ್ರಿಡೋಮಾಕ್ಕೆ ಎರಡೂ ಬಂತು. ಅದರಲ್ಲಿ ಒಂದೇ ಒಂದು ಕೋಶವನ್ನು ಬೇರ್ಪಡಿಸಿ ಬೆಳೆಸಿದರೆ, ಅದರ ಪೀಳಿಗೆಯೆಲ್ಲ ಅಣುವಿಗೆ ಅಣು ತಪ್ಪದ ಅದೇ ಪ್ರತಿಕಾಯವನ್ನು ಕೊಡುತ್ತದೆ. ಮಾನೊಕ್ಲೋನಲ್ ಎಂದರೆ ಇದೇ.

1975ರ ಆಗಸ್ಟ್ 7ರ 'ನೇಚರ್' ಪತ್ರಿಕೆಯಲ್ಲಿ ಆ ಪ್ರಬಂಧ ಬಂತು. 1984ರಲ್ಲಿ ನೀಲ್ಸ್ ಯೆರ್ನೆ ಅವರೊಂದಿಗೆ ಇಬ್ಬರಿಗೂ ನೊಬೆಲ್ ಬಂತು. ಆದರೆ ಈ ವಿದ್ಯೆಗೆ ಪೇಟೆಂಟ್ ಇರಲಿಲ್ಲ. ಬ್ರಿಟನ್ನಿನ ಅಧಿಕಾರಿಗಳಿಗೆ ಅದರ ವಾಣಿಜ್ಯದ ಬೆಲೆ ಆಗ ಹೊಳೆಯಲಿಲ್ಲ. ಮಿಲ್‌ಸ್ಟೈನ್ ತಮ್ಮ ಕೋಶಗಳನ್ನು ಕೇಳಿದ ವಿಜ್ಞಾನಿಗಳಿಗೆ ಹಂಚಿದರು. ಹಾಗೆ ಬಿಚ್ಚಿಟ್ಟ ವಿದ್ಯೆ ಯಾರ ಅಪ್ಪಣೆಯೂ ಬೇಡದೆ ಊರೂರಿನ ಸಂಶೋಧನಾಲಯಗಳಿಗೆ ಹರಡಿತು. ಬಡ ರೋಗಿಯೊಬ್ಬರ ರಕ್ತಪರೀಕ್ಷೆ ಇಂದು ಸರ್ಕಾರಿ ಆಸ್ಪತ್ರೆಯಲ್ಲಿ ನಡೆಯುತ್ತಿದೆ ಎಂದರೆ, ಅದರ ಹಿಂದೆ ಈ ಹಂಚಿಕೆಯ ಪುಣ್ಯವೂ ಇದೆ.

ಇನ್ನು ಬಯೋಟಿನ್. ಮೊಟ್ಟೆಯ ಹಳದಿ, ಕಾಳು, ಬೀಜಗಳಲ್ಲಿ ಸಿಗುವ ಬಿ7 ಜೀವಸತ್ವ. ಐಜಿಜಿಯ ತೂಕ ಸುಮಾರು ಒಂದೂವರೆ ಲಕ್ಷ ಡಾಲ್ಟನ್, ಬಯೋಟಿನ್ನಿನದು ಬರೀ 244. ಆದ್ದರಿಂದ ಒಂದು ಪ್ರತಿಕಾಯಕ್ಕೆ ಹಲವು ಬಯೋಟಿನ್ ತೊಡಿಸಿದರೂ ಅದರ ಹಿಡಿತ ಸಾಮಾನ್ಯವಾಗಿ ಕೆಡುವುದಿಲ್ಲ. ಕಾರ್ತೀಕದ ಬಯಲಲ್ಲಿ ನಡೆದು ಬಂದವರ ಸೆರಗಿಗೆ ಉತ್ತರಾಣಿ ಕಾಳು ಅಂಟಿಕೊಂಡು ಬರುವ ಹಾಗೆ ಈ ಪುಟ್ಟ ಅಣುಗಳು ಪ್ರತಿಕಾಯದ ಮೈಮೇಲೆ ಅಲ್ಲಲ್ಲಿ ಕೂತಿರುತ್ತವೆ. ಲೈಸೀನ್ ಎಂಬ ಅಮೈನೊ ಆಮ್ಲ ಎಲ್ಲೆಲ್ಲಿ ತಲೆ ಚಾಚಿದೆಯೋ ಅಲ್ಲಿ ರಾಸಾಯನಿಕ ಬಂಧ ಹಾಕಿ ಅವನ್ನು ಕಟ್ಟಿರುತ್ತಾರೆ.

ಕಟ್ಟಿದ್ದು ಯಾಕೆಂದರೆ ಬಯೋಟಿನ್ನಿಗೆ ಜಗತ್ತಿನಲ್ಲಿ ಒಬ್ಬ ಬಿಡದ ಸಂಗಾತಿ ಇದ್ದಾನೆ: ಮೊಟ್ಟೆಯ ಬಿಳಿಯಲ್ಲಿರುವ ಅವಿಡಿನ್. 1920ರ ದಶಕದಲ್ಲಿ, ಹಸಿ ಬಿಳಿಯನ್ನೇ ಮೇಯಿಸಿದ ಇಲಿಗಳ ಚರ್ಮ ಕೆಟ್ಟು ಕೂದಲು ಉದುರಿದ್ದನ್ನು ಸಂಶೋಧಕರು ಗಮನಿಸಿದರು. ಬಿಳಿಯಲ್ಲಿನ ಯಾವುದೋ ಪ್ರೋಟೀನು ಆಹಾರದ ಬಯೋಟಿನ್ನನ್ನು ಹಿಡಿದಿಟ್ಟು ಮೈಗೆ ಸೇರಗೊಡುತ್ತಿರಲಿಲ್ಲ. 1940ರ ಸುಮಾರಿಗೆ ಆ ಪ್ರೋಟೀನು ಕೈಗೆ ಸಿಕ್ಕಿತು. ಒಂದು ಅವಿಡಿನ್ ನಾಲ್ಕು ಬಯೋಟಿನ್‌ಗಳನ್ನು ಹಿಡಿಯುತ್ತದೆ, ಮತ್ತು ಆ ಹಿಡಿತ ನಿಸರ್ಗದಲ್ಲಿ ಗೊತ್ತಿರುವ ಅತಿ ಬಲವಾದ ಹಿಡಿತಗಳಲ್ಲಿ ಒಂದು. ಇಲಿಗಳಿಗೆ ರೋಗ ತಂದ ಆ ಜಿಗುಟುತನವನ್ನು 1970ರ ದಶಕದಿಂದ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಮೇಯರ್ ವಿಲ್ಚೆಕ್ ಮತ್ತು ಎಡ್ವರ್ಡ್ ಬೇಯರ್ ಪ್ರಯೋಗಾಲಯದ ಸಾಧನವಾಗಿ ಪಳಗಿಸಿದರು. ಅನೇಕ ಪರೀಕ್ಷೆಗಳಲ್ಲಿ ಈಗ ಮೊಟ್ಟೆಯದರ ಬದಲು ಮಣ್ಣಿನ ಬ್ಯಾಕ್ಟೀರಿಯಾ ಒಂದು ತಯಾರಿಸುವ ಸ್ಟ್ರೆಪ್ಟಾವಿಡಿನ್ ಬಳಸುತ್ತಾರೆ. ಅವಿಡಿನ್ ಒಮ್ಮೊಮ್ಮೆ ಕಂಡಕಂಡಲ್ಲಿ ಅಂಟುತ್ತದೆ. ಸ್ಟ್ರೆಪ್ಟಾವಿಡಿನ್ನಿಗೆ ಆ ಚಾಳಿ ಕಡಿಮೆ.

ಮಧ್ಯಾಹ್ನದ ಊಟದ ಡಬ್ಬಿಯನ್ನು ಪಕ್ಕದ ಕೋಣೆಯಲ್ಲಿ ಬೇಗ ಬೇಗ ಮುಗಿಸಿ ತಂತ್ರಜ್ಞೆ ಮರಳಿದ್ದಾರೆ. ಗೋಡೆಯ ಟೈಮರ್ ಕೂಗುತ್ತದೆ. ಬಯೋಟಿನ್ ಪ್ರತಿಕಾಯದ ತಾಸು ಮುಗಿಯಿತು. ತಟ್, ತಟ್. ಈಗ ಅವಿಡಿನ್ ಸರದಿ. ಅದು ಒಬ್ಬಂಟಿಯಾಗಿ ಬರುವುದಿಲ್ಲ, ಹಾರ್ಸ್‌ರ‍್ಯಾಡಿಶ್ ಗೆಡ್ಡೆಯಿಂದ ತೆಗೆದ ಪೆರಾಕ್ಸಿಡೇಸ್ ಎಂಬ ಕಿಣ್ವವನ್ನು ಹೊತ್ತು ತರುತ್ತದೆ. ಹಾರ್ಸ್‌ರ‍್ಯಾಡಿಶ್ ಶೀತದೇಶದ ಬೆಳೆ. ಅದರ ಘಾಟನ್ನೇ ಹೋಲುವ ಬೇರು ನಮ್ಮ ಹಿತ್ತಿಲ ನುಗ್ಗೆಗೂ ಇದೆ. ಬ್ರಿಟಿಷರ ಕಾಲದಲ್ಲಿ ಇಲ್ಲಿದ್ದ ಯುರೋಪಿಯನ್ನರು ನುಗ್ಗೆ ಬೇರನ್ನು ತುರಿದು ಅದರ ಬದಲಿಗೆ ಊಟಕ್ಕೆ ಬಳಸುತ್ತಿದ್ದರು. ಗುಳಿಯ ತಳದಲ್ಲಿ ಈಗ ನಿಂತಿರುವ ಸರಪಳಿ ನೋಡಿ: ಮನುಷ್ಯನ ಐಜಿಎಂ, ಅದರ ಮೇಲೆ ಡೆಂಗಿಯ ಪ್ರತಿಜನಕ, ಅದರ ಮೇಲೆ ಇಲಿಯ ಪ್ರತಿಕಾಯ, ಅದಕ್ಕೆ ತೊಡಿಸಿದ ಜೀವಸತ್ವ, ಅದನ್ನು ಹಿಡಿದ ಕೋಳಿಮೊಟ್ಟೆಯ ಪ್ರೋಟೀನು, ಅದರ ಹೆಗಲ ಮೇಲೆ ಗೆಡ್ಡೆಯ ಕಿಣ್ವ. ಮೊದಲ ಕೊಂಡಿ ಇಲ್ಲದಿದ್ದರೆ ಮುಂದಿನದು ಯಾವುದೂ ನಿಲ್ಲದು. ಎಲ್ಲವೂ ತೊಳೆದ ನೀರಿನ ಜೊತೆ ಹೋಗಿಬಿಡುತ್ತದೆ.

ಅರ್ಧ ತಾಸು. ಕೊನೆಯ ತೊಳೆತ. ಟಿಎಂಬಿ ಎಂಬ ಬಣ್ಣರಹಿತ ದ್ರವವನ್ನು ಸಾಲು ಸಾಲಾಗಿ ಇಳಿಸಿ, ಪ್ಲೇಟನ್ನು ಕತ್ತಲೆಯ ಡ್ರಾಯರಿಗೆ ತಳ್ಳುತ್ತಾರೆ. ಹತ್ತು ನಿಮಿಷ. ಬೆಳಗಿನಿಂದ ನಡೆದದ್ದೆಲ್ಲ ಕಣ್ಣಿಗೆ ಕಾಣುವುದು ಈಗ. ಡ್ರಾಯರ್ ತೆರೆದರೆ, ಪಾಸಿಟಿವ್ ಕಂಟ್ರೋಲಿನ ಗುಳಿ ಗಾಢ ನೀಲಿ. ನೆಗೆಟಿವ್ ತಿಳಿನೀರು. ನಡುವಿನ ಸಾಲುಗಳಲ್ಲಿ ಅಲ್ಲೊಂದು ಇಲ್ಲೊಂದು ನೀಲಿ, ಕೆಲವು ದಟ್ಟ, ಕೆಲವು ಇದೆಯೋ ಇಲ್ಲವೋ ಎಂಬಷ್ಟು ಮಾಸಲು. ಒಂದು ಪ್ರತಿಕಾಯಕ್ಕೆ ಹಲವು ಬಯೋಟಿನ್, ಬಯೋಟಿನ್ನಿಗೊಂದು ಅವಿಡಿನ್, ಅದರೊಂದಿಗೆ ಬಂದ ಪ್ರತಿ ಕಿಣ್ವವೂ ಟಿಎಂಬಿಯ ಸಾವಿರಾರು ಅಣುಗಳಿಗೆ ಬಣ್ಣ ಕೊಡುತ್ತ ಹೋಗುತ್ತದೆ. ಕಾಣದಷ್ಟು ಚಿಕ್ಕದು ಕಾಣುವಷ್ಟು ದೊಡ್ಡದಾಗುವುದು ಈ ಗುಣಾಕಾರದಿಂದ.

ಗಂಧಕಾಮ್ಲದ ಸ್ಟಾಪ್ ಸೊಲ್ಯೂಷನ್ ಬಿದ್ದೊಡನೆ ನೀಲಿ ಮಾಯವಾಗಿ ಹಳದಿ ಹೊಮ್ಮುತ್ತದೆ, ಕಿಣ್ವದ ಓಟ ಅಲ್ಲಿಗೆ ನಿಲ್ಲುತ್ತದೆ. ರೀಡರ್ ಯಂತ್ರ ಪ್ಲೇಟನ್ನು ಒಳಗೆಳೆದುಕೊಂಡು 450 ನ್ಯಾನೊಮೀಟರಿನ ಬೆಳಕನ್ನು ಗುಳಿಗುಳಿಗೂ ಹಾಯಿಸುತ್ತದೆ. ಎಷ್ಟು ಬೆಳಕು ತಡೆಯಿತು ಎಂಬ ಲೆಕ್ಕವೇ ಓಡಿ, ಅಂದರೆ ಆಪ್ಟಿಕಲ್ ಡೆನ್ಸಿಟಿ. 1971ರಲ್ಲಿ ಸ್ಟಾಕ್‌ಹೋಮಿನ ಇವಾ ಎಂಗ್‌ವಾಲ್ ಮತ್ತು ಪೀಟರ್ ಪರ್ಲ್‌ಮನ್ ಪ್ರಕಟಿಸಿದ ಎಲೈಸಾ ಎಂಬ ಈ ವಿಧಾನ ಹೀಗೆ ಬಣ್ಣವನ್ನು ಅಂಕಿಯಾಗಿಸಿತು. ಅದಕ್ಕೂ ಮೊದಲು ಇಂಥ ಸೂಕ್ಷ್ಮ ಅಳತೆಗೆ ವಿಕಿರಣ ಬೀರುವ ವಸ್ತುಗಳನ್ನು ನೆಚ್ಚಬೇಕಿತ್ತು. ಅಂಥ ಪರೀಕ್ಷೆ ಇಂಥ ಊರಿನ ಆಸ್ಪತ್ರೆಗೆ ಬರುವಂತಿರಲಿಲ್ಲ.

ಇದೇ ಸರಪಳಿಯನ್ನು ತಿರುಗಿಸಿ ಜೋಡಿಸುವ ಪ್ರಯೋಗಾಲಯಗಳೂ ಇವೆ. ಅಲ್ಲಿ ಗುಳಿಯ ತಳದಲ್ಲಿ ವೈರಾಣುವಿನ ಅಥವಾ ಬ್ಯಾಕ್ಟೀರಿಯಾದ ಪ್ರತಿಜನಕ, ಅದರ ಮೇಲೆ ಜನರ ಸೀರಮ್. ಮನುಷ್ಯರ ಇಮ್ಯುನೊಗ್ಲಾಬ್ಯುಲಿನ್ನನ್ನೇ ನೇರವಾಗಿ ಗುರುತಿಸುವ ಮಾನೊಕ್ಲೋನಲ್ ಪ್ರತಿಕಾಯಕ್ಕೆ ಬಯೋಟಿನ್ ತೊಡಿಸಿ, ಅದರ ಮೇಲೆ ಇಳಿಸುತ್ತಾರೆ. ಅದು ಐಜಿಜಿಯನ್ನು ಹಿಡಿಯಬೇಕು, ಐಜಿಎಂ ಅನ್ನು ಮುಟ್ಟಬಾರದು. ಮನುಷ್ಯರದನ್ನು ಗುರುತಿಸಬೇಕು, ಪಾತ್ರೆಯಲ್ಲಿ ಬೆರೆತಿರಬಹುದಾದ ಹಸುವಿನ, ಇಲಿಯ ಪ್ರೋಟೀನಿಗೆ ಅಂಟಬಾರದು. ಈ ಶಿಸ್ತು ಇರುವುದರಿಂದಲೇ ಒಂದೇ ಪ್ರತಿಕಾಯ ಲಸಿಕೆ ಫಲಿಸಿತೇ ಎಂದು ನೋಡುವವರಿಗೂ ಹಳೆಯ ಸೋಂಕಿನ ಗುರುತು ಹುಡುಕುವವರಿಗೂ ಆಗಿಬರುತ್ತದೆ. 1983ರಲ್ಲಿ ಹೊರಬಂದ ಎಲಿಸ್ಪಾಟ್ ವಿಧಾನದಲ್ಲಂತೂ ಪ್ರತಿಕಾಯ ಸುರಿಸುವ ಒಂದೊಂದು ಜೀವಕೋಶವೂ ಪೊರೆಯ ಮೇಲೆ ತನ್ನ ಒಂದು ಚುಕ್ಕೆ ಬಿಡುತ್ತದೆ. ಚುಕ್ಕೆ ಎಣಿಸಿದರೆ ಕೋಶ ಎಣಿಸಿದಂತೆ.

ಬಯೋಟಿನ್ನಿನ ಈ ಶಕ್ತಿಯ ಬಗ್ಗೆ ನಾವು ತಿಳಿದಿರಬೇಕಾದ ಒಂದು ಎಚ್ಚರವೂ ಇದೆ. ಕೂದಲು ದಟ್ಟವಾಗಲಿ, ಉಗುರು ಗಟ್ಟಿಯಾಗಲಿ ಎಂದು ನುಂಗುವ ಮಾತ್ರೆಗಳಲ್ಲಿ ಬಯೋಟಿನ್ ದಿನದ ಅಗತ್ಯಕ್ಕಿಂತ ನೂರಾರು ಪಟ್ಟು ಇರುವುದುಂಟು. ರಕ್ತವೂ ಸ್ಟ್ರೆಪ್ಟಾವಿಡಿನ್ನೂ ಒಟ್ಟಿಗೆ ಬೆರೆಯುವ ಕೆಲವು ಯಂತ್ರಪರೀಕ್ಷೆಗಳಲ್ಲಿ ಆ ಬಯೋಟಿನ್ ಮೊದಲೇ ಹೋಗಿ ಜಾಗ ಹಿಡಿದು ಥೈರಾಯ್ಡಿನ, ಹೃದಯದ ಟ್ರೊಪೋನಿನ್ನಿನ ಫಲಿತಾಂಶವನ್ನು ತಪ್ಪಿಸಬಲ್ಲದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2017ರಲ್ಲೇ ಈ ಬಗ್ಗೆ ಎಚ್ಚರಿಸಿದೆ. ಇಲ್ಲಿಯ ಡೆಂಗಿ ಪ್ಲೇಟಿನಲ್ಲಿ ಅವಿಡಿನ್ ಬರುವ ಹೊತ್ತಿಗೆ ರೋಗಿಯ ಸೀರಮ್ ಎಂದೋ ತೊಳೆದು ಹೋಗಿರುತ್ತದೆ, ಹಾಗಾಗಿ ಆ ಅಂಜಿಕೆ ಇಲ್ಲ. ಆದರೂ ರಕ್ತ ಕೊಡುವಾಗ ಇಂಥ ಮಾತ್ರೆ ನುಂಗುತ್ತಿದ್ದೇನೆ ಎಂದು ಹೇಳುವುದು ರೋಗಿಗೂ ಒಳ್ಳೆಯದು, ವೈದ್ಯರಿಗೂ ಒಳ್ಳೆಯದು.

ಮೂರೂಮುಕ್ಕಾಲು. ಪ್ರಿಂಟರ್ ಕಾಗದ ಉಗುಳುತ್ತಿದೆ. ತಂತ್ರಜ್ಞೆ ಮೊದಲು ಕಂಟ್ರೋಲ್‌ಗಳ ಅಂಕಿ ನೋಡಿ, ಕಿಟ್ ಹೇಳಿದ ಮಿತಿಗೆ ತಾಳೆ ಹಾಕಿ, ಆಮೇಲೆ ಒಂದೊಂದೇ ಹೆಸರಿಗೆ ಬರುತ್ತಾರೆ. ಮಿತಿಯ ಅಂಚಿನಲ್ಲಿ ನಿಂತ ಒಂದನ್ನು ಮತ್ತೆ ಮಾಡಲು ಬೇರೆ ಇಡುತ್ತಾರೆ. ಪಾಸಿಟಿವ್ ಎಂದ ಮಾತ್ರಕ್ಕೆ ಎಲ್ಲ ಮುಗಿಯುವುದಿಲ್ಲ. ಐಜಿಎಂ ರಕ್ತದಲ್ಲಿ ಎರಡು ಮೂರು ತಿಂಗಳು ಉಳಿಯಬಹುದು. ಜಪಾನಿ ಮಿದುಳು ಜ್ವರದಂಥ ಅದೇ ಕುಲದ ಸೋಂಕು ಕೂಡ ಒಮ್ಮೊಮ್ಮೆ ಇಲ್ಲಿ ಬಣ್ಣ ತರಿಸಬಲ್ಲದು. ಜ್ವರದ ದಿನ, ಪ್ಲೇಟ್‌ಲೆಟ್, ಮೈಮೇಲಿನ ಕಲೆ, ಹೊಟ್ಟೆನೋವು ಎಲ್ಲವನ್ನೂ ಜೊತೆಗಿಟ್ಟು ಓದುವ ವೈದ್ಯರ ಕೈಯಲ್ಲಿ ಮಾತ್ರ ಈ ಅಂಕಿಗೆ ಪೂರ್ತಿ ಅರ್ಥ ಬರುತ್ತದೆ.

ಆರು ದಿನದ ಜ್ವರದ ತಾಯಿಗೆ ಪಾಸಿಟಿವ್. "ಗಾಬರಿ ಆಗ್ಬೇಡಿ ಅಮ್ಮ. ಇದನ್ನ ಡಾಕ್ಟರಿಗೆ ತೋರಿಸಿ. ನೀರು, ಗಂಜಿ ಚೆನ್ನಾಗಿ ಕುಡೀರಿ. ಹೊಟ್ಟೆನೋವು, ವಾಂತಿ ಜಾಸ್ತಿ ಆದ್ರೆ ತಕ್ಷಣ ಬನ್ನಿ," ಎನ್ನುತ್ತಾ ತಂತ್ರಜ್ಞೆ ಚೀಟಿಯ ಹಿಂದೆ ಊರಿನ ಹೆಸರನ್ನು ಇನ್ನೊಮ್ಮೆ ಕೇಳಿ ಬರೆದುಕೊಳ್ಳುತ್ತಾರೆ. ಅದೇ ಊರಿನಿಂದ ಈ ವಾರ ಬಂದ ಮೂರನೆಯ ಹೆಸರು ಇದು.

ಆ ಪಟ್ಟಿ ಸಂಜೆಯೊಳಗೆ ಜಿಲ್ಲಾ ಕಣ್ಗಾವಲು ಘಟಕಕ್ಕೆ ಹೋಗುತ್ತದೆ. ಮರುದಿನ ಆಶಾ ಕಾರ್ಯಕರ್ತೆಯರೂ ಆರೋಗ್ಯ ನಿರೀಕ್ಷಕರೂ ಆ ಊರಿನ ಮನೆ ಮನೆ ಹತ್ತಿ ಇಳಿಯಬೇಕು. ಮುಚ್ಚಳ ಇಲ್ಲದ ಡ್ರಮ್ಮು, ಹಳೆಯ ಟೈರು, ತೆಂಗಿನ ಚಿಪ್ಪು, ತೋಟದಲ್ಲಿ ಉದುರಿ ಮಳೆನೀರು ತುಂಬಿಕೊಂಡ ಅಡಿಕೆ ಹಾಳೆ ಎಲ್ಲವನ್ನೂ ಕವುಚಬೇಕು. ಈಡಿಸ್ ಸೊಳ್ಳೆಗೆ ತಿಳಿನೀರು ಸಾಕು. ಮೊಟ್ಟೆ ಸೊಳ್ಳೆಯಾಗಲು ವಾರ ಹತ್ತು ದಿನ ಸಾಕು. 2024ರಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಹಾಕುವ ಅಧಿಕಾರ ಕೊಟ್ಟದ್ದು ಇದಕ್ಕಾಗಿಯೇ. ಕೇಂಬ್ರಿಜ್‌ನ ಕೋಶ, ಪುಣೆಯ ಕಿಟ್, ಮೊಟ್ಟೆಯ ಪ್ರೋಟೀನು, ಐದೈದು ಸಲ ತೊಳೆದ ಈ ಕೈಗಳು, ಇಷ್ಟೆಲ್ಲ ಸೇರಿ ಒಂದು ಊರಿನ ಹೆಸರನ್ನು ಮುಂದಿಟ್ಟಿವೆ. ಇನ್ನು ಆ ಊರಿನ ಅಂಗಳದಲ್ಲಿ ನಿಂತ ನೀರನ್ನು ನಾವು ಚೆಲ್ಲಬೇಕು. ಅಲ್ಲಿಯವರೆಗೆ ಈ ಪರೀಕ್ಷೆ ಮುಗಿದಿಲ್ಲ.